ಎತ್ತರದಿಂದ ಅಳೆದ ಭಾರ

ಮೊದಲು ಕಿಟಕಿಯ ಪಕ್ಕದಲ್ಲಿ ಕುಳಿತವರು ಸೀನಿದರು, ಆಮೇಲೆ ಅವರ ಎದುರಿನವರು. ಕೊನೆಗೆ ಮೇಲಿನ ಬರ್ತಿನಲ್ಲಿ ಮಲಗಿದ್ದ ಮುದುಕರೊಬ್ಬರು ನಿದ್ದೆಯಲ್ಲೇ ಸೀನಿ ಎದ್ದು ಕುಳಿತು, "ಬ್ಯಾಡಗಿ ಬಂತೇನ್ರಿ?" ಎಂದು ಕೇಳಿದರು. ಯಾರೂ ಉತ್ತರ ಕೊಡುವ ಅಗತ್ಯವಿರಲಿಲ್ಲ. ಒಣಮೆಣಸಿನಕಾಯಿಯ ಘಾಟು ಬೋಗಿಯೊಳಗೆ ಬಂದು ನಿಂತಿತ್ತು.

ಕಳೆದ ಚಳಿಗಾಲದಲ್ಲಿ ನಾನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಗಲಿನ ರೈಲಿನಲ್ಲಿ ಹೋಗುತ್ತಿದ್ದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದರ ಹಿಂದೆ ಒಂದು ಬರುವ ಹೊತ್ತಿಗೆ ಪ್ರತಿ ಸಲವೂ ನಾನು ಓದುತ್ತಿರುವ ಪುಸ್ತಕ ಮುಚ್ಚಿಬಿಡುತ್ತೇನೆ. ಓದಿದ್ದು ತಲೆಗೆ ಹೋಗುವುದಿಲ್ಲ. ಈ ಮೂರು ಊರುಗಳ ನಡುವೆ ಒಂದು ಮಳೆಗಾಲದಿಂದ ಮುಂದಿನ ಬೇಸಿಗೆಯ ತನಕ ಕೆಲಸ ಮಾಡಿದ್ದೆ. ಪುಣೆ-ಬೆಂಗಳೂರು ಹೆದ್ದಾರಿಯನ್ನು ನಾಲ್ಕು ಪಥ ಮಾಡುತ್ತಿದ್ದ ಕಾಲ ಅದು. ಆ ದೊಡ್ಡ ರಸ್ತೆಯ ಮೇಲೆ ದಿನಕ್ಕೊಂದು ಹೊಸ ಸೇತುವೆ ಏಳುತ್ತಿದ್ದಂತೆ ಕಾಣುತ್ತಿತ್ತು. ನನ್ನ ಕೆಲಸ ಅಲ್ಲಿರಲಿಲ್ಲ. ಒಳಗಿನ ರಾಜ್ಯ ಹೆದ್ದಾರಿಗಳ ಹಳೆಯ ಸೇತುವೆಗಳನ್ನು ಒಂದೊಂದಾಗಿ ನೋಡಿ, ಯಾವುದರ ಆರೋಗ್ಯ ಹೇಗಿದೆ, ಯಾವುದಕ್ಕೆ ಏನು ದುರಸ್ತಿ ಬೇಕು ಎಂದು ಇಲಾಖೆಗೆ ವರದಿ ಕೊಡುವ ಗುತ್ತಿಗೆ ಒಂದು ಸಣ್ಣ ಕಂಪನಿಗೆ ಸಿಕ್ಕಿತ್ತು. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ತುಮಕೂರಿನ ಮನೆಯಲ್ಲಿ ಕುಳಿತಿದ್ದ ನನ್ನನ್ನು ಅವರು ಆ ಕೆಲಸಕ್ಕೆ ತೆಗೆದುಕೊಂಡು ರಾಣೆಬೆನ್ನೂರಿಗೆ ಕಳಿಸಿದರು. ಒಂದು ಮಹಡಿ ಕೋಣೆ ಬಾಡಿಗೆಗೆ ಸಿಕ್ಕಿತು. ಒಂದು ಜೀಪು, ಅದರ ಚಾಲಕರು ಬಶೀರಸಾಬರು, ಒಂದು ಸುತ್ತಿಗೆ, ಅಳತೆಯ ಟೇಪು, ಒಂದು ಉದ್ದನೆಯ ಕಬ್ಬಿಣದ ಸರಳು. ಇಷ್ಟೇ ನನ್ನ ಕಚೇರಿ.

ಬಶೀರಸಾಬರು ಮಾತುಗಾರರು. ನಾನು ಮಾತಾಡುವುದು ಕಡಿಮೆ ಎಂದು ಮೊದಲ ವಾರದಲ್ಲೇ ಅರ್ಥ ಮಾಡಿಕೊಂಡು ಇಬ್ಬರ ಪಾಲಿನದನ್ನೂ ಅವರೇ ಆಡುತ್ತಿದ್ದರು.

"ಬಾಯಾರ, ನೀವು ಬ್ರಿಜ್ಜಿನ ಡಾಕ್ಟರ್ ಅಂತ ಮನ್ಯಾಗ ಹೇಳೇನಿ. ನಮ್ಮಾಕಿ ಕೇಳಿದ್ಲು, ಹಂಗಾದ್ರ ಸೂಜಿ ಎಲ್ಲಿ ಮಾಡ್ತಾರಂತ."

"ಮಾಡೋದಿಲ್ಲ ಬಶೀರಸಾಬ್ರೇ. ನಾಡಿ ನೋಡಿ ಬರೆದುಕೊಡೋದಷ್ಟೇ."

"ಔಷಧ ಯಾರ ಕೊಡ್ತಾರ್ರಿ ಮತ್ತ?"

ನಾನು ಟೇಪು ತೆಗೆದುಕೊಂಡು ಜೀಪಿನಿಂದ ಇಳಿದೆ.

ಸೇತುವೆಯನ್ನು ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಮೇಲೆ ಯಾವಾಗಲೂ ಹೊಸ ಡಾಂಬರು, ತಡೆಗೋಡೆಗೆ ಹೊಸ ಸುಣ್ಣ. ಹಬ್ಬಕ್ಕೆ ಮುಂಚೆ, ಚುನಾವಣೆಗೆ ಮುಂಚೆ, ದೊಡ್ಡವರು ಬರುವ ಮುಂಚೆ ಡಾಂಬರು ಬೀಳುತ್ತಿತ್ತು. ಊರವರು ಕೇಳುತ್ತಿದ್ದುದೂ ಅದನ್ನೇ, ಸಿಕ್ಕಾಗ ಸಂತೋಷಪಡುತ್ತಿದ್ದುದೂ ಅದಕ್ಕೇ. ಹಳೆಯ ಪದರ ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತಾ ಬಂದು, ಮೊಣಕಾಲೆತ್ತರ ಇರಬೇಕಾದ ಅಂಚುಗಟ್ಟೆ ಎಷ್ಟೋ ಕಡೆ ನಾಲ್ಕು ಬೆರಳಿಗೆ ಇಳಿದಿತ್ತು. ನೀರು ಹೊರಹೋಗುವ ತೂತುಗಳು ಮುಚ್ಚಿಹೋಗಿದ್ದವು. ಪ್ರತಿ ದುರಸ್ತಿಯೂ ಸೇತುವೆಯ ಹೆಗಲ ಮೇಲೆ ಇನ್ನೊಂದು ಹೊರೆ. ಇದನ್ನು ಒಂದೆರಡು ಕಡೆ ಹೇಳಿ ನೋಡಿದೆ. "ಹಂಗಾರ ಡಾಂಬರ ಹಾಕಬಾರದೇನ್ರಿ?" ಎಂದು ಜನ ನನ್ನನ್ನು ಅನುಮಾನದಿಂದ ನೋಡಿದರು. ಆಮೇಲೆ ಹೇಳುವುದನ್ನು ಬಿಟ್ಟೆ.

ನಾನು ಈಗ ಹೇಳಹೊರಟಿರುವ ಸೇತುವೆ ಬ್ಯಾಡಗಿಯ ಕಡೆಯ ಒಂದು ಹಳ್ಳದ ಮೇಲಿನದು. ಆ ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿರುವವರಿಗೆ ಅದು ಇಷ್ಟವಾಗಲಾರದು. ರಸ್ತೆ ಹಿಂದಿನ ವರ್ಷವಷ್ಟೇ ಕಾಗದದ ಮೇಲೆ ರಾಜ್ಯ ಹೆದ್ದಾರಿಯಾಗಿತ್ತು. ಹಸಿರು ಬೋರ್ಡು ಬಂದಿತ್ತು, ಅಗಲ ಮಾತ್ರ ಮೊದಲಿನಷ್ಟೇ. ದೊಡ್ಡ ರಸ್ತೆಯಿಂದ ತಿರುಗುವ ಜಾಗಕ್ಕೆ ಎಲ್ಲರೂ ಕ್ರಾಸ್ ಎನ್ನುತ್ತಿದ್ದರು. ಅಲ್ಲಿಂದ ಸೇತುವೆಯ ತನಕ ಮೂರು ಕಿಲೋಮೀಟರ್ ರಸ್ತೆ ಏರಿಯ ಮೇಲೆ ಹೋಗುತ್ತದೆ. ಎರಡೂ ಕಡೆ ತಗ್ಗಿನಲ್ಲಿ ಹತ್ತಿ, ಮೆಣಸಿನಕಾಯಿಯ ಹೊಲಗಳು. ಸೇತುವೆ ದಾಟಿದೊಡನೆ ಊರು. ಬಸ್ಸು ತಿರುಗುವಷ್ಟು ಬಯಲಿದ್ದದ್ದು ಆ ಊರೊಳಗೆ ಮಾತ್ರ. ಅದರಾಚೆ ರಸ್ತೆ ಕೆಟ್ಟಿದ್ದರಿಂದ ದಿನಕ್ಕೆ ಎರಡು ಸಲ ಬರುತ್ತಿದ್ದ ಬಸ್ಸು ಅಲ್ಲಿಂದಲೇ ಹಿಂದಿರುಗುತ್ತಿತ್ತು.

ಮೊದಲ ಸಲ ಹೋದಾಗ ಜೂನ್ ತಿಂಗಳು. ಹಳ್ಳಕ್ಕೆ ಇನ್ನೂ ನೀರು ಬಂದಿರಲಿಲ್ಲ. ನಾನು ಕೆಳಗಿಳಿದು ಕಲ್ಲಿನ ಕಂಬಗಳ ಸುತ್ತ ಓಡಾಡುತ್ತಿದ್ದಾಗ ಮೇಲಿನಿಂದ ಒಂದು ದನಿ ಬಂತು.

"ಅಕ್ಕಾರ, ಏನರ ಕಳಕೊಂಡೀರೇನ್ರಿ?"

ತಲೆ ಎತ್ತಿದೆ. ತಡೆಗೋಡೆಯ ಮೇಲೆ ಬಾಗಿದ ಒಂದು ಮುಖ, ಅದರ ಪಕ್ಕ ಕಾಲೇಜಿನ ಚೀಲ.

"ಏನೂ ಕಳೆದಿಲ್ಲ. ಸೇತುವೆ ನೋಡ್ತಾ ಇದೀನಿ."

"ಮ್ಯಾಲಿಂದ ಕಾಣಂಗಿಲ್ಲೇನ್ರಿ ಅದು?"

ಅವಳೇ ರೇಣುಕಾ. ಬ್ಯಾಡಗಿಯಲ್ಲಿ ಎರಡನೇ ಪಿಯುಸಿ ಕಾಮರ್ಸ್ ಓದುತ್ತಿದ್ದಳು. ಊರಿನ ಮೊದಲ ಮನೆ ಅವರದು, ಸೇತುವೆಗೆ ಅಂಟಿಕೊಂಡಂತೆ. ಬೆಳಗಿನ ಬಸ್ಸಿಗಾಗಿ ಅವಳು ಮನೆಯ ಕಟ್ಟೆಗಿಂತ ಸೇತುವೆಯ ಮೇಲೆಯೇ ಹೆಚ್ಚು ನಿಲ್ಲುತ್ತಿದ್ದಳು. ಅಲ್ಲಿಂದ ಬಸ್ಸು ಬರುವುದು ದೂರದಿಂದಲೇ ಕಾಣುತ್ತದಂತೆ.

"ಬೀಳತೈತೇನ್ರಿ ಇದು?" ಎಂದು ಕೇಳಿದಳು.

"ಹಾಗಂತ ಹೇಳಕ್ಕಾಗಲ್ಲ."

"ಬೀಳೂದಿದ್ರ ನಮ್ಮ ಪರೀಕ್ಷಾ ಮುಗದ ಮ್ಯಾಲೆ ಬೀಳು ಅಂತ ಹೇಳ್ರಿ ಅದಕ್ಕ. ನೀವು ಹೇಳಿದ್ರ ಕೇಳತೈತಿ."

ಬಶೀರಸಾಬರು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ ಎಂದು ನೆನಪು.

ಆ ಮಳೆಗಾಲದಲ್ಲಿ ಅಲ್ಲಿಗೆ ಮತ್ತೆ ಮತ್ತೆ ಹೋಗಬೇಕಾಯಿತು. ರೇಣುಕಾಳ ತಾಯಿ ಗಿರಿಜವ್ವ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡದೆ ಬಿಡುತ್ತಿರಲಿಲ್ಲ. ಸೇತುವೆಯ ಊರ ಕಡೆಯ ಗೋಡೆಯ ಸಂದಿನಲ್ಲಿ ಒಂದು ಅರಳಿ ಗಿಡ ಹುಟ್ಟಿ ಆಳೆತ್ತರ ಬೆಳೆದಿತ್ತು. ಬೇರು ಕಲ್ಲುಗಳನ್ನು ಬಿಡಿಸುತ್ತಿತ್ತು. ಗಿರಿಜವ್ವ ಶನಿವಾರ ಶನಿವಾರ ಅದಕ್ಕೆ ನೀರು ಹಾಕುತ್ತಿದ್ದರು. ಕೀಳಿಸಬೇಕು ಎಂದು ನಾನು ಹೇಳಿದಾಗ ಅವರು ಕಿವಿ ಮುಟ್ಟಿಕೊಂಡರು.

"ಯವ್ವಾ, ಬ್ಯಾಡ. ಅರಳಿ ಗಿಡ ಕಿತ್ತ ಕೈ ಉದ್ಧಾರ ಆಗಂಗಿಲ್ಲ. ತಾನಾಗಿ ಹುಟ್ಟೇತಿ, ನಾವ್ಯಾರು ಕೀಳಾಕ?"

ಬಶೀರಸಾಬರ ಕಡೆ ನೋಡಿದೆ. ಅವರು ಜೀಪಿನ ಹತ್ತಿರ ಬಂದ ಮೇಲೆ ಮೆಲ್ಲಗೆ ಹೇಳಿದರು: "ನಾ ಕಿತ್ತೊಗಿಬಹುದು ಬಾಯಾರ, ಎರಡ ಮಿನಿಟಿನ ಕೆಲಸ. ಆದ್ರ ನಾ ಕಿತ್ರ ಬ್ಯಾರೇನ ಮಾತು ಹುಟ್ಟತಾವು." ಅವರು ಹೇಳಿದ್ದು ಸರಿಯಾಗಿತ್ತು. ವರದಿಯಲ್ಲಿ ಗಿಡವನ್ನೂ ಬರೆದುಕೊಂಡೆ.

ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ ರೇಣುಕಾ ಕಾಲೇಜಿನಿಂದ ಬೇಗ ಬಂದಿದ್ದಳು. ಮುಂದೆ ಏನು ಮಾಡುತ್ತೀ ಎಂದು ಕೇಳಿದೆ. ಸಾಮಾನ್ಯವಾಗಿ ನಾನು ಯಾರನ್ನೂ ಹಾಗೆ ಕೇಳುವವಳಲ್ಲ.

"ಬಿ.ಕಾಂ ಮಾಡ್ತೀನ್ರಿ. ಆಮ್ಯಾಲೆ ಬ್ಯಾಡಗಿ ಪ್ಯಾಟ್ಯಾಗ ದಲಾಲಿ ಅಂಗಡ್ಯಾಗ ಲೆಕ್ಕ ಬರಿಯಾಕ ಹೊಕ್ಕೇನಿ."

"ಬ್ಯಾಂಕಿಗಲ್ವಾ?"

"ಬ್ಯಾಂಕಿಗೆ ಎಲ್ಲಾರೂ ಹೊಕ್ಕಾರ್ರಿ. ನಮ್ಮವ್ವ ಲಗ್ನಕ್ಕಿಂತ ಮೊದ್ಲಿಂದ ಅಲ್ಲಿ ತಳಗ ಕುಂತು ಮೆಣಸಿನಕಾಯಿ ತೊಟ್ಟು ಬಿಡಿಸ್ಯಾಳ. ಗಾದಿ ಮ್ಯಾಲೆ ಕುಂತು ಲೆಕ್ಕ ಬರಿಯೂದು ಬರೇ ಗಂಡಸ್ರು. ಒಬ್ಬಾಕಿ ಹೆಣ್ಣಮಗಳನ್ನೂ ನಾ ಗಾದಿ ಮ್ಯಾಲೆ ನೋಡಿಲ್ಲ. ನಾ ಕುಂದ್ರಾಕಿ."

"ಕುಂದ್ರತಾಳ, ಕುಂದ್ರತಾಳ," ಎಂದರು ಗಿರಿಜವ್ವ ಒಳಗಿನಿಂದ. "ಮದ್ಲ ಆ ಹಸಿ ಅರಿವಿ ತಗದು ಒಣಹಾಕು, ಗಾದಿ ಮ್ಯಾಲೆ ಕುಂದ್ರಾಕಿ."

ಆಗಸ್ಟಿನಲ್ಲಿ ಹಳ್ಳ ಎರಡು ಸಲ ತುಂಬಿ ಹರಿಯಿತು. ನೀರು ಇಳಿದ ಮೇಲೆ ಕೆಳಗಿಳಿದೆ. ನಡುವಿನ ಕಂಬದ ಬುಡದಲ್ಲಿ ಮರಳು ಕೊಚ್ಚಿಹೋಗಿ ಹೊಂಡವಾಗಿತ್ತು. ಸರಳನ್ನು ಅಡಿಪಾಯದ ಕೆಳಗೆ ಚುಚ್ಚಿ ನೋಡಿದೆ. ಏನಾದರೂ ತಡೆಯಬೇಕಿತ್ತು. ತಡೆಯಲಿಲ್ಲ. ಸರಳು ನನ್ನ ಕೈಯ ತನಕ ಒಳಗೆ ಹೋಯಿತು. ಅದನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ. ಮೇಲೆ ಒಂದು ಟ್ರ್ಯಾಕ್ಟರ್ ದಾಟಿತು. ಅದರ ನಡುಕ ಕಲ್ಲಿನಿಂದ ಸರಳಿಗೆ, ಸರಳಿನಿಂದ ಅಂಗೈಗೆ ಬಂತು.

ಬರೀ ಮಳೆಯಿಂದ ಆದದ್ದಲ್ಲ ಅದು. ಬೇಸಿಗೆಯಲ್ಲಿ ಹಳ್ಳದ ಮರಳನ್ನು ಕಂಬದ ಹತ್ತಿರದ ತನಕ ತೋಡಿ ಒಯ್ದಿದ್ದರು. ಎಲ್ಲ ಕಡೆ ಕಟ್ಟಡದ ಕೆಲಸ, ಮರಳಿಗೆ ಬೇಡಿಕೆ. ಈಗ ನೀರು ಇಳಿದೊಡನೆ ಟ್ರ್ಯಾಕ್ಟರುಗಳು ಮತ್ತೆ ಬಂದಿದ್ದವು. ಕಂಬದ ಸುತ್ತ ಮರಳು ತೆಗೆಯಬಾರದೆಂದು ಗಿರಿಜವ್ವನಿಗೆ ಹೇಳಿದಾಗ ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, "ನನ್ನ ಮೈದುನಂದೂ ಒಂದ ಟ್ರ್ಯಾಕ್ಟರ್ ಐತಿ ಯವ್ವಾ ಅದ್ರಾಗ," ಎಂದರು. ಮುಚ್ಚುಮರೆ ಇರಲಿಲ್ಲ, ಸಮರ್ಥನೆಯೂ ಇರಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ವರದಿ ಮುಗಿಸಿ ಇಲಾಖೆಯ ಹಾವೇರಿ ಕಚೇರಿಗೆ ತೆಗೆದುಕೊಂಡು ಹೋದೆ. ಈ ಸೇತುವೆಗೆ ಏನು ಬೇಕೆಂದು ಸ್ಪಷ್ಟವಾಗಿ ಬರೆದಿದ್ದೆ: ನಡುವಿನ ಕಂಬದ ಅಡಿಪಾಯಕ್ಕೆ ಕಾಂಕ್ರೀಟು, ಸುತ್ತ ಕಲ್ಲಿನ ಹಾಸು, ಡಾಂಬರಿನ ಹಳೆಯ ಪದರಗಳನ್ನು ತೆಗೆಯುವುದು, ಗಿಡ ತೆಗೆದು ಸಂದು ಮುಚ್ಚುವುದು, ಹತ್ತಿರದಲ್ಲಿ ಮರಳು ತೆಗೆಯುವುದನ್ನು ನಿಲ್ಲಿಸುವುದು. ಇಷ್ಟು ಆಗುವ ತನಕ ಭಾರದ ವಾಹನ ಬಿಡಬಾರದು. ಕೊನೆಯ ವಾಕ್ಯ ತೀರ ಚಿಕ್ಕದಾಗಿತ್ತು.

ಅಲ್ಲಿನ ಸಾಹೇಬರು ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಅವರು ನನ್ನ ಎದುರಿಗೇ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಖರೇ ಬರದೀರಿ ಮೇಡಂ. ನಾನೂ ಕೆಳಗಿಳದು ನೋಡೇನಿ ಅದನ್ನ. ಖರೇ ಇದ್ದದ್ದಕ್ಕ ತ್ರಾಸು."

"ಈ ವರ್ಷ ದುರಸ್ತಿ ಆಗುತ್ತಾ ಸರ್?"

"ಅಂದಾಜು ಪಟ್ಟಿ ಮ್ಯಾಲಕ್ಕ ಕಳಸ್ತೀನಿ. ಇಡೀ ರಾಜ್ಯದಾಗ ಇಂಥಾ ಬ್ರಿಜ್ಜು ಪಾಳಿ ಹಚ್ಚಿ ನಿಂತಾವು. ನಮ್ಮ ಪಾಳಿ ಬರಬೇಕಲ್ಲ." ಬೆರಳನ್ನು ನನ್ನ ಕೊನೆಯ ವಾಕ್ಯದ ಮೇಲಿಟ್ಟರು. "ಇದೊಂದು ನನ್ನ ಕೈಯಾಗ ಐತಿ. ಇದನ್ನ ಮಾಡಸ್ತೀನಿ."

ನನಗೆ ಸಮಾಧಾನವಾಯಿತು. ಒಂದಾದರೂ ಆಗುತ್ತದೆ ಎಂದುಕೊಂಡೆ.

ದೀಪಾವಳಿ ಕಳೆದು ವಾರದಲ್ಲಿ ಸೇತುವೆಯ ಮುಂದೆ, ಕ್ರಾಸಿನ ಕಡೆಗೆ, ಒಂದು ಕಬ್ಬಿಣದ ಕಮಾನು ಎದ್ದಿತು. ರಸ್ತೆಯ ಎರಡು ಬದಿಗೆ ಎರಡು ಕಂಬ, ಮೇಲೆ ಅಡ್ಡಲಾಗಿ ಒಂದು ದಪ್ಪ ತೊಲೆ, ಹಳದಿ-ಕಪ್ಪು ಬಣ್ಣ. ಎತ್ತರದ ವಾಹನ ಒಳಗೆ ಹೋಗದಂತೆ ಹಾಕುವ ಅದಕ್ಕೆ ಇಲಾಖೆಯಲ್ಲಿ ಹೈಟ್ ಗೇಜ್ ಎನ್ನುತ್ತಾರೆ. ರಸ್ತೆಯ ಮೇಲೆ ಹಗಲಿರುಳು ನಿಂತು ತೂಕ ನೋಡಲು ಯಾರನ್ನೂ ಇಡಲಾಗದು. ಹಾಗಾಗಿ ಭಾರವನ್ನು ಎತ್ತರದಿಂದ ಅಳೆಯುವುದು ರೂಢಿ. ಲಾರಿ ಎತ್ತರ, ಲಾರಿ ಭಾರ, ಆದ್ದರಿಂದ ಎತ್ತರದ್ದೆಲ್ಲ ಭಾರ. ಊರವರು ಕಮಾನಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ತಮ್ಮ ಸೇತುವೆಯ ದುರಸ್ತಿ ಶುರುವಾಯಿತೆಂದೇ ಅವರು ತಿಳಿದಿದ್ದರು.

ಮರುದಿನ ಬೆಳಗಿನ ಬಸ್ಸು ಬಂದಾಗ ನಾನು ಅಲ್ಲಿದ್ದೆ. ಚಾಲಕರು ಕಮಾನಿನ ಮುಂದೆ ನಿಲ್ಲಿಸಿದರು. ಕಂಡಕ್ಟರ್ ಹಿಂದಿನ ಏಣಿ ಹತ್ತಿ ಮೇಲೆ ಹೋಗಿ, ಗೇಣು ಹಿಡಿದು ನೋಡಿ, "ಏ, ಟಾಪಿಗೆ ಬಡಿತೈತಿ, ಹಿಂದ ತಗಿ," ಎಂದರು. ಹಿಂದೆ ತೆಗೆಯುವುದು ಎಂದರೆ ತಿರುಗಿಸಲು ಜಾಗವಿಲ್ಲದ ಏರಿಯ ಮೇಲೆ, ಅರ್ಧ ದಾರಿಯಲ್ಲಿ ಹೊಲಕ್ಕಿಳಿಯುವ ಬಂಡಿದಾರಿ ಸಿಗುವ ತನಕ, ಹಿಮ್ಮುಖವಾಗಿ ಹೋಗುವುದು. ಕಂಡಕ್ಟರ್ ಬಸ್ಸಿನ ಹಿಂದೆ ನಡೆಯುತ್ತಾ ಕೈ ಬೀಸುತ್ತಾ ಕೂಗುತ್ತಾ ಹೋದರು. ಸೇತುವೆಯ ಮೇಲೆ ನೆರೆದವರು ಹೊಟ್ಟೆ ಹಿಡಿದು ನಕ್ಕರು.

"ಮಾವಾ, ಬಸ್ಸು ನಮ್ಮೂರಿಗೆ ಬೆನ್ನ ತೋರಸಬಾರದಂತ ಹಂಗ ಹೊಂಟೇತಿ ನೋಡು," ಎಂದು ಒಬ್ಬರು ಕೂಗಿದರು. ರೇಣುಕಾಳೂ ನಗುತ್ತಾ ಚೀಲ ಹೆಗಲಿಗೆ ಹಾಕಿಕೊಂಡು ಕಾಲೇಜಿಗೆ ಹೋಗುವ ಇನ್ನಿಬ್ಬರು ಹುಡುಗಿಯರ ಜೊತೆ ಬಸ್ಸನ್ನು ಹಿಂಬಾಲಿಸಿ ಓಡಿದಳು.

ಸಂಜೆಯ ಬಸ್ಸು ಕ್ರಾಸಿನಲ್ಲೇ ತಿರುಗಿಕೊಂಡು ಹೋಯಿತು. ಆಮೇಲೆ ಬಸ್ಸು ಊರಿಗೆ ಬರಲೇ ಇಲ್ಲ.

ಅದೇ ವಾರ ನಾನು ಕಮಾನಿನ ಹತ್ತಿರ ಜೀಪು ನಿಲ್ಲಿಸಿಕೊಂಡು ಒಂದು ಬೆಳಿಗ್ಗೆ ಪೂರ್ತಿ ಕುಳಿತೆ. ಮರಳು ತುಂಬಿದ ಟ್ರ್ಯಾಕ್ಟರುಗಳು ಒಂದಾದ ಮೇಲೊಂದು, ಕೆಲವು ಎರಡೆರಡು ಟ್ರೇಲರು ಎಳೆದುಕೊಂಡು, ಕಮಾನಿನ ಕೆಳಗೆ ಆರಾಮಾಗಿ ನುಸುಳಿ ಹೋದವು. ಮರಳು ತಗ್ಗಾಗಿ ಕೂರುವ ವಸ್ತು. ಎತ್ತರವಿಲ್ಲದ ಭಾರ. ಒಬ್ಬ ಚಾಲಕ ನನ್ನನ್ನು ನೋಡಿ ತಲೆಯ ಮೇಲಿನ ಟವೆಲು ತೆಗೆದು, ಕಮಾನಿಗೆ ತಾಗೀತೆಂಬಂತೆ ತಲೆ ತಗ್ಗಿಸಿ ಅಣಕಿಸಿದ.

"ಬಾಯಾರ," ಎಂದರು ಬಶೀರಸಾಬರು. ಆ ದಿನ ಅವರು ನಗಿಸಲು ನೋಡಲಿಲ್ಲ. "ಬಸ್ಸಿಗಿಂತ ಅದರ ವಜ್ಜಿ ಜಾಸ್ತಿ ಅಲ್ಲೇನ್ರಿ?"

"ಹೌದು."

"ಮತ್ತ?"

ಮತ್ತೆ ಹಾವೇರಿಗೆ ಹೋದೆ. ಸಾಹೇಬರು ಕೇಳಿಸಿಕೊಂಡರು. ಟ್ರ್ಯಾಕ್ಟರು ತಡೆಯುವಷ್ಟು ತಗ್ಗಿಸಿದರೆ ಆಂಬುಲೆನ್ಸೂ ಹೋಗುವುದಿಲ್ಲ ಎಂದರು. ಮರಳು ನಿಲ್ಲಿಸುವುದು ಬೇರೆ ಕಚೇರಿಯ ಕೆಲಸ ಎಂದರು. ಎರಡೂ ನಿಜ.

"ಹಾಗಾದ್ರೆ ಕಮಾನು ತೆಗೆಸಿ ಸರ್. ತಡೀಬೇಕಾದ್ದನ್ನ ಅದು ತಡೀತಿಲ್ಲ."

"ತಗಸ್ತೀನಿ. ಬಸ್ಸಿಗೆ ಧಕ್ಕಿ ಇಲ್ಲ, ಬಿಡಬಹುದು ಅಂತ ಒಂದ ಸಾಲು ಬರದು ಸಹಿ ಮಾಡಿ ಕೊಡ್ರಿ. ನಾಳೆ ತಗಸ್ತೀನಿ." ಅವರ ದನಿಯಲ್ಲಿ ಸವಾಲು ಇರಲಿಲ್ಲ. "ಮೇಡಂ, ನಾನೂ ಮಕ್ಕಳ ತಂದೆ. ಬಸ್ಸಿನ್ಯಾಗ ಐವತ್ತು ಮಂದಿ ಇರ್ತಾರ. ಟ್ರ್ಯಾಕ್ಟರ್ ಬಿದ್ರ ಒಬ್ಬಾಂವ. ನನ್ನ ಲೆಕ್ಕ ಇಷ್ಟ."

ನಾನು ಬರೆದುಕೊಡಲಿಲ್ಲ. ಸರಳು ಕೈಯ ತನಕ ಒಳಗೆ ಹೋದದ್ದು ನನಗೆ ಗೊತ್ತಿತ್ತು.

ಮೂವರು ಹುಡುಗಿಯರು ಕ್ರಾಸಿಗೆ ನಡೆಯತೊಡಗಿದರು. ಬೆಳಿಗ್ಗೆ ತೊಂದರೆ ಇರಲಿಲ್ಲ. ಸಂಜೆಯ ಬಸ್ಸು ಕ್ರಾಸಿಗೆ ಬರುವ ಹೊತ್ತಿಗೆ ಚಳಿಗಾಲದ ಕತ್ತಲು ಇಳಿಯುತ್ತಿತ್ತು. ಏರಿಯ ಮೇಲೆ ದೀಪವಿಲ್ಲ, ಮನೆಯಿಲ್ಲ. ಟ್ರ್ಯಾಕ್ಟರಿನವರು ಪಕ್ಕಕ್ಕೆ ಬಂದು ನಿಧಾನ ಮಾಡಿ, "ಬರ್ರಿ, ಹತ್ರಿ, ಮರಳ ಮ್ಯಾಲೆ ಮೆತ್ತಗೈತಿ," ಎನ್ನುತ್ತಿದ್ದರಂತೆ. ತಿಂಗಳೊಳಗೆ ಒಬ್ಬಳು ಬಿಟ್ಟಳು. ಡಿಸೆಂಬರಿನ ಕೊನೆಗೆ ಇನ್ನೊಬ್ಬಳು. ರೇಣುಕಾ ಒಬ್ಬಳೇ ಕೆಲವು ದಿನ ಹೋದಳು. ಆಮೇಲೆ ಅವಳೂ ಹೋಗಲಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಿಂದ ಹೇಳಿಕಳಿಸಿದ್ದರು.

ಇದು ನನಗೆ ತಿಳಿದದ್ದು ಸಂಕ್ರಾಂತಿ ಕಳೆದು, ಅವಳ ತಂದೆ ರುದ್ರಪ್ಪನವರು ಬಶೀರಸಾಬರ ಕೈಯಲ್ಲಿ ಹೇಳಿಕಳಿಸಿ ನನ್ನನ್ನು ಮನೆಗೆ ಕರೆಸಿದಾಗ. ಮೆಣಸಿನಕಾಯಿಯ ಸುಗ್ಗಿ. ಮನೆಯ ಹಿಂದಿನ ಕಣದಲ್ಲಿ ಕಾಯಿ ಕೆಂಪಗೆ ಹರಡಿತ್ತು. ರುದ್ರಪ್ಪನವರು ಕಡಿಮೆ ಮಾತಿನ, ದೊಡ್ಡ ಕೈಗಳ ಮನುಷ್ಯ. ಅವರು ನೆಲದ ಮೇಲೆ ಕುಳಿತು ನನಗೆ ಕುರ್ಚಿ ಹಾಕಿಸಿದರು. ನಾನೂ ಕೆಳಗೆ ಕುಳಿತೆ.

"ಮೇಡಮ್ಮಾರ, ನಾ ಹಾವೇರಿಗೆ ಹೋಗಿದ್ದೆ. ನೀವು ಬರದ ಕೊಟ್ರ ಕಮಾನು ತಗೀತಾರಂತ. ಒಂದ ಸಾಲು ಅಂತ."

"ನನ್ನಿಂದ ಆಗಲ್ಲ ರುದ್ರಪ್ಪನವರೇ."

"ನಾ ಅಕಿನ್ನ ಮುಂಜಾನಿ ಗಾಡಿ ಮ್ಯಾಲೆ ಬಿಟ್ಟು ಬರಬಲ್ಲೆ. ಸಂಜೀಕ ಯಾರು ಹೋಗೂದು? ಈಗ ಕಣ ಬಿಟ್ಟು ಕದಲಂಗಿಲ್ಲ, ಇಬ್ಬನಿ ಬೀಳೂದ್ರಾಗ ಕಾಯಿ ಬಳೀಬೇಕು, ಮುಚ್ಚಬೇಕು. ಹಲಗೇರಿಯಿಂದ ಲಗ್ನದ ಮಾತು ಬಂದೈತಿ. ಚಲೋ ಮನಿ. ಓದ್ತಾಳ, ನಿಂದ್ರಿ ಅಂದಿದ್ದೆ. ಈಗ ಮನ್ಯಾಗ ಕುಂತಾಕಿನ್ನ ಏನಂತ ಹೇಳಿ ನಿಂದ್ರಸ್ಲಿ?"

ಗಿರಿಜವ್ವ ಬಾಗಿಲಲ್ಲಿ ನಿಂತಿದ್ದರು. ಅಷ್ಟು ದಿನ ನನ್ನನ್ನು ಯವ್ವಾ ಎನ್ನುತ್ತಿದ್ದವರು ಈಗ ಬಹುವಚನದಲ್ಲಿ ಕೇಳಿದರು: "ದಿನಾ ಅಷ್ಟ ಟ್ರ್ಯಾಕ್ಟರ್ ಹೋದ್ರೂ ಬೀಳದ ಬ್ರಿಜ್ಜು, ನನ್ನ ಮಗಳು ಕುಂತ ಬಸ್ಸು ಹೋದ್ರ ಬೀಳತೈತೇನ್ರಿ?"

ಬಹುಶಃ ಬೀಳುತ್ತಿರಲಿಲ್ಲ. ಆ ಬೇಸಿಗೆ ಕಳೆಯುವ ತನಕ, ಹಳ್ಳಕ್ಕೆ ಮತ್ತೆ ನೀರು ಬರುವ ತನಕ, ಬಸ್ಸನ್ನು ಅದು ಹೊರುತ್ತಿತ್ತು ಎಂದೇ ನನಗೆ ಅನ್ನಿಸುತ್ತಿತ್ತು. ಆದರೆ ಅನ್ನಿಸುವುದಕ್ಕೆ ಸಹಿ ಹಾಕಲಾಗದು. ಇದನ್ನು ಅವರಿಗೆ ಹೇಗೆ ಹೇಳಬೇಕೆಂದು ತಿಳಿಯದೆ, ಕಂಬ, ಅಡಿಪಾಯ, ನೀರಿನ ಸೆಳೆತ ಎಂದು ಏನೇನೋ ವಿವರಿಸಿದೆ. ಅವರು ಮರ್ಯಾದೆಯಿಂದ ಕೇಳಿದರು. ನಾನು ನಿಲ್ಲಿಸಿದಾಗ ರೇಣುಕಾ ಚಹಾ ತಂದು ಮುಂದಿಟ್ಟಳು.

"ಬಿಡಪ್ಪಾ, ಅಕ್ಕಾರಿಗೆ ಯಾಕ ತ್ರಾಸ ಕೊಡ್ತಿ," ಎಂದಳು. "ಅವರು ಹೇಳಿದ್ರ ಅದು ಕೇಳತೈತಿ ಅಂತ ನಾ ಸುಮ್ನ ನಗಚ್ಯಾಟಕ್ಕ ಅಂದಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನನ್ನ ಕೋಣೆಗೆ ಅಲ್ಲಿಯ ತನಕ ನಾನು ಯಾರನ್ನೂ ಕರೆದಿರಲಿಲ್ಲ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆದರೂ ಹೇಳಿದೆ: ಪರೀಕ್ಷೆ ಮುಗಿಯುವ ತನಕ ರೇಣುಕಾ ರಾಣೆಬೆನ್ನೂರಿನಲ್ಲಿ ನನ್ನ ಜೊತೆ ಇರಲಿ, ಬ್ಯಾಡಗಿಗೆ ಅಲ್ಲಿಂದ ಬಸ್ಸು ಬೇಕಾದಷ್ಟಿವೆ, ಮನೆಯ ಯಜಮಾನಿ ಕೆಳಗೇ ಇರುತ್ತಾರೆ, ನಾನು ಅವಳನ್ನು ನೋಡಿಕೊಳ್ಳುತ್ತೇನೆ.

ರೇಣುಕಾ ತಟ್ಟನೆ ತಂದೆಯ ಮುಖ ನೋಡಿದಳು. ಅವರು ಅವಳ ಕಡೆ ನೋಡಲಿಲ್ಲ.

"ನಿಮ್ಮ ಮನಸು ದೊಡ್ಡದು," ಎಂದರು. "ಆದ್ರ ನೀವೂ ಲಗ್ನ ಆಗದಾಕಿ, ಒಬ್ಬಾಕಿನ ಇರೂದು. ಹಲಗೇರಿಯವ್ರು ಏನಂತಾರೋ. ಮನಿ ಮಂದಿ ಕೂಡಿ ಮಾತಾಡ್ತೀವಿ. ಕಳಸೂದಾದ್ರ ನಾಳೆ ಮುಂಜಾನಿ ಬಸ್ಸಿಗೆ ಕ್ರಾಸಿಗೆ ಬರ್ತಾಳ. ನೀವು ಮನಿ ತನಕ ಬರಬ್ಯಾಡ್ರಿ, ಓಣ್ಯಾಗ ಎಲ್ಲಾರೂ ನೋಡ್ತಾರ."

ಹೊರಡುವಾಗ ರೇಣುಕಾ ಜೀಪಿನ ತನಕ ಬಂದಳು. "ಪುಸ್ತಕ ಎಲ್ಲಾ ತರಲ್ಯಾ ಅಕ್ಕಾರ, ಇಲ್ಲಾ ಬೇಕಾದಷ್ಟೇನಾ?" ಎಂದು ಪಿಸುದನಿಯಲ್ಲಿ ಕೇಳಿದಳು. ಎಲ್ಲ ತಾ ಎಂದೆ.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರೇಣುಕಾ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಯುಗಾದಿಗೆ ಮುಂಚೆ ಹಲಗೇರಿಗೆ ಸೊಸೆಯಾಗಿ ಹೋದಳು. ಮದುವೆಗೆ ನನ್ನನ್ನೂ ಕರೆದಿದ್ದರು. ಆ ವಾರ ನಾನು ಕುಮಾರಪಟ್ಟಣದ ಕಡೆ ಕೆಲಸದಲ್ಲಿದ್ದೆ, ಹೋಗಲಿಲ್ಲ. ಸೇತುವೆ ಬೀಳಲಿಲ್ಲ. ನಾನು ಅಲ್ಲಿರುವ ತನಕ ದುರಸ್ತಿಯೂ ಆಗಲಿಲ್ಲ. ಕಂಪನಿಯ ಗುತ್ತಿಗೆ ಮುಗಿದು ನಾನು ತುಮಕೂರಿಗೆ ಹಿಂದಿರುಗಿದ ಮೇಲೆ ಬಶೀರಸಾಬರು ಒಮ್ಮೆ ಫೋನು ಮಾಡಿ, ಅದರ ಮೇಲೆ ಇನ್ನೊಂದು ಪದರ ಡಾಂಬರು ಹಾಕಿದ್ದಾರೆ ಎಂದು ಹೇಳಿದ್ದರು.

ಆದರೆ ಅವರ ಮನೆಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಜೀಪು ಹಾವೇರಿಗೆ ಹೋಗಬೇಕಿತ್ತು. ನಾನು ಬ್ಯಾಡಗಿಗೆ ಹೋಗಿ, ಅಲ್ಲಿಂದ ಹೊರಟು ಕ್ರಾಸಿನಲ್ಲಿ ತಿರುಗುವ ಅದೇ ಬಸ್ಸನ್ನು ಹತ್ತಿ ಬಂದೆ. ಬಸ್ಸು ತಿರುಗಿ ನಿಂತಾಗ ಇಳಿದೆ. ಹೊಲಗಳ ಮೇಲಿನ ಮಂಜು ಕರಗಿತ್ತು. ಕ್ರಾಸಿನಲ್ಲಿ ನಿಂತರೆ ಏರಿಯ ರಸ್ತೆ ಬಹಳ ದೂರ ನೇರವಾಗಿ ಕಾಣುತ್ತದೆ. ನಡೆದು ಬರುವವರು ಅರ್ಧ ದಾರಿಯಲ್ಲಿರುವಾಗಲೇ ಗುರುತು ಸಿಗುತ್ತಾರೆ. ರಸ್ತೆಯ ಮೇಲೆ ಯಾರೂ ಇರಲಿಲ್ಲ.

ಕ್ರಾಸಿನಲ್ಲಿದ್ದ ನಾಲ್ಕು ಜನ ಹತ್ತಿಕೊಂಡರು. ಚಾಲಕರು ಬೀಡಿ ಎಸೆದು ಒಳಗೆ ಕುಳಿತು ಎಂಜಿನ್ ಶುರು ಮಾಡಿದರು. ಕಂಡಕ್ಟರ್ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನನ್ನನ್ನು ಕೇಳಿದರು:

"ಹತ್ರಿ ಮೇಡಂ. ಇಲ್ಲಾ ಇನ್ನೂ ಯಾರರ ಬರೋರದಾರೇನ್ರಿ?"

"ಇದ್ದಾರೆ," ಎಂದೆ. "ಒಬ್ಬಳು ಹುಡುಗಿ. ಕಾಲೇಜಿಗೆ."

"ಎಲ್ಲಿ ಅದಾಳ್ರಿ?"

"ಬರ್ತಾ ಇದ್ದಾಳೆ."

ಅವರು ರಸ್ತೆಯ ಉದ್ದಕ್ಕೂ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಒಳಗಿನಿಂದ ಯಾರೋ, "ಬಿಡ್ರೆಪಾ ಲಗೂ, ಕೋರ್ಟಿನ ತಾರೀಕೈತಿ," ಎಂದು ಗೊಣಗಿದರು. ಬಾಗಿಲ ಸರಳು ಹಿಡಿದುಕೊಂಡು ನಾನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಬರ್ತಾ ಇದ್ದಾಳೆ ಎಂದೆ.